‘ವಧು’ವಿನ ಕೊಂಬು

ನನ್ನ ತಂಗಿಗೆ ಅಕ್ಷರದ ಹುಚ್ಚು. ಬೋರ್ಡು, ಶೀರ್ಷಿಕೆಗಳಿಗೆಂದೇ ಒಂದು ದಪ್ಪನೆಯ ಫಾಂಟ್ ಮಾಡಿದ್ದಳು. ಮೈತುಂಬಿದ ಒಡಲು, ಗೆರೆಯ ತುದಿಗೆಲ್ಲ ಸೆರಿಫ್ ಅನ್ನುವ ಚೂಪು ಪಾದ. ಗೆರೆಗೆ ಗೆರೆ ಕೂಡುವ ಕಡೆ ಮಾತ್ರ ಕೂದಲೆಳೆ. ಮದುವೆ ಉಡುಪಿನ ನನ್ನ ಅಂಗಡಿಗೆ ‘ವಧು’ ಎಂದು ಹೆಸರಿಟ್ಟಾಗ ಬೋರ್ಡಿಗೆ ಇದೇ ಅಕ್ಷರ ಎಂದು ಪಟ್ಟು ಹಿಡಿದಳು. ಆ ಫಾಂಟ್ ಬೀದಿ ಕಂಡದ್ದು ಅದೇ ಮೊದಲು.

‘ಧು’ವಿನ ಕೊಂಬು ಒಡಲಿಗೆ ಅಂಟಿಕೊಂಡಿದ್ದದ್ದು ಆ ಕೂದಲೆಳೆಯಿಂದಲೇ. ಉಕ್ಕಿನ ತಗಡಿನಲ್ಲಿ ಕತ್ತರಿಸಿದರೆ ಇದು ನಿಲ್ಲುತ್ತದೇನೇ, ಚೂರು ದಪ್ಪ ಮಾಡು ಎಂದೆ. ಅಂದವೆಲ್ಲ ಆ ಗೆರೆಯಲ್ಲೇ ಇದೆ ಎಂದಳು. ನಿನ್ನ ಅಕ್ಷರಕ್ಕೇನು ಕೊಂಬಿದೆಯಾ ಎಂದು ರೇಗಿದೆ. ಇದೆಯಲ್ಲ ಎಂದು ನಕ್ಕಳು. ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ.

ಅಂಗಡಿ ತೆರೆದ ಬೆಳಿಗ್ಗೆ ಗಾಳಿ ಜೋರಾಗಿತ್ತು. ನಾವಿಬ್ಬರೂ ಹೊರಗೇ ನಿಂತಿದ್ದೆವು. ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ತಾಯಿಯೊಡನೆ ಬಂದು, ಬಾಗಿಲಲ್ಲೇ ನಿಂತು ಗಾಜಿನೊಳಗಿನ ಉಡುಪು ನೋಡುತ್ತಿದ್ದಳು. ಮೇಲೆ ಟಿಕ್ ಎಂದಿತು. ಕತ್ತೆತ್ತಿದೆ. ಬೋಲ್ಟ್ ಹಾಕಿದ್ದು ಒಡಲಿಗಷ್ಟೇ. ಮೊಳದುದ್ದದ ಕೊಂಬು ಹುಡುಗಿಯ ನೆತ್ತಿಯ ನೇರಕ್ಕೇ ಓಲಾಡುತ್ತಿತ್ತು.

ತಂಗಿಯೂ ನೋಡಿದ್ದಳು. ಗೋಡೆಗೊರಗಿದ್ದ ಏಣಿ ಎಳೆದುಕೊಂಡು ಪಿಸುಗುಟ್ಟಿದಳು.

“ಅಕ್ಕ, ಅವ್ರನ್ನ ಒಳಗೆ ಕರ್ಕೊ. ಕೂಗ್ಬೇಡ. ಕೂಗಿದ್ರೆ ಅಲ್ಲೇ ನಿಂತು ಮೇಲೆ ನೋಡ್ತಾರೆ.”

ಒಳಗೆ ಇನ್ನೂ ಚೆಂದದ್ದಿದೆ ಎಂದು ಬಾಯಿಗೆ ಬಂದದ್ದು ಹೇಳಿದೆ. ತಾಯಿ ಬಂದರು. ಹುಡುಗಿ ಗಾಜಿನಲ್ಲಿ ತಲೆಗೂದಲು ಸರಿಮಾಡಿಕೊಳ್ಳುತ್ತ ನಿಂತಳು. ಮತ್ತೆ ಟಿಕ್. ಕೈ ಹಿಡಿದು ಎಳೆದೇಬಿಟ್ಟೆ. ಗಿರಾಕಿಯನ್ನು ಹೀಗೆ ದರದರ ಎಳೆಯುವ ಅಂಗಡಿಯವಳನ್ನು ಅವಳು ಕಂಡಿರಲಾರಳು.

ಹಿಂದೆಯೇ ಲೋಹ ಮುರಿದ ಸದ್ದು. ಏನೂ ಬೀಳಲಿಲ್ಲ. ತಂಗಿ ಹಿಡಿದಿದ್ದಳು.

ಹೊರಗೆ ಇಣುಕಿದರೆ ಬೋರ್ಡಿನಲ್ಲಿ ದಪ್ಪಕ್ಷರದ ‘ವಧ’. ಮದುವೆ ಅಂಗಡಿಗೆ ಕೊಲೆಯ ಹೆಸರು. ಹೊರಡುವಾಗ ಇವರು ಓದಿದರೆ ಸಾಕು, ಊರೆಲ್ಲ ಗೊಳ್ಳೆನ್ನುತ್ತದೆ, ತೆರೆದ ದಿನವೇ ಅಂಗಡಿಗೆ ಬೀಗ. ನನಗೆ ಕೋಪ, ಅಳು ಎರಡೂ ಒಟ್ಟಿಗೆ ಬಂದವು. ಇಳಿಯೇ ಎಂದು ಸನ್ನೆ ಮಾಡಿದೆ. ಅವಳು ಇಳಿಯಲಿಲ್ಲ.

ತಾಯಿ ಮಗಳು ಒಂದೊಂದೇ ಉಡುಪು ತೆಗೆಸಿ, ತೊಟ್ಟು, ಬೇಡವೆಂದು, ಮತ್ತೆ ಮೊದಲನೆಯದಕ್ಕೇ ಬಂದರು. ನಾನು ಪಿನ್ನು ಚುಚ್ಚುತ್ತ ಬಾಗಿಲ ಕಡೆಗೇ ನೋಡುತ್ತಿದ್ದೆ. ಕೊನೆಗೆ ಹೊರಟರು. ಬೀದಿಗಿಳಿದ ಹುಡುಗಿ ತಿರುಗಿ ಬೋರ್ಡು ನೋಡಿದಳು.

“ವಧು,” ಎಂದು ಓದಿದಳು. “ಅಕ್ಷರ ಚೆನ್ನಾಗಿದೆ. ಅವ್ರ್ಯಾಕೆ ಅಲ್ಲಿ ನಿಂತಿದಾರೆ?”

ತಂಗಿ ಏಣಿಯ ಮೇಲಿದ್ದಳು. ಕೊಂಬನ್ನು ಅದರ ಜಾಗಕ್ಕೇ ಒತ್ತಿ ಹಿಡಿದಿದ್ದಳು. ಧೂಳು ಒರೆಸ್ತಿದೀನಿ ಎಂದು ನಕ್ಕಳು. ಚೂಪು ಪಾದ ಅಂಗೈ ಕೊರೆದಿತ್ತು. ರಕ್ತ ಅಂಗಿಯ ತೋಳಿನೊಳಕ್ಕೆ ಇಳಿಯುತ್ತಿತ್ತು.

ಅವರು ತಿರುವು ದಾಟಿದ ಮೇಲೆ ಇಳಿದಳು. ಬಟ್ಟೆ ಸುತ್ತುತ್ತ ಬಾಯಿಗೆ ಬಂದಂತೆ ಬೈದೆ.

“ಆ ಗೆರೆ ಎಷ್ಟು ದಪ್ಪ ಇರ್ಬೇಕು, ನೀನೇ ಹೇಳಕ್ಕ,” ಎಂದಳು ಆಮೇಲೆ.

ಬಟ್ಟೆಯಿಂದ ಹೊರಗುಳಿದಿದ್ದ ಅವಳ ಕಿರುಬೆರಳನ್ನು ಹಿಡಿದು ತೋರಿಸಿದೆ.