ಟಿಕೆಟ್ಟಿನಲ್ಲಿಲ್ಲದ ಜಾಗ

"ಎಡಗಡೆ ನೋಡಿ, ಎಡಗಡೆ! ಕತ್ತು ಉಳುಕಿದ್ರೂ ಪರವಾಗಿಲ್ಲ. ಇದನ್ನ ನೋಡದೆ ವಾಪಸ್ ಹೋದೋರಿಗೆ ಮನೇಲಿ ಬಾಗಿಲೇ ತೆಗೆಯಲ್ಲ!"

ಬುರುಡೆರಾಯ ಒಂದು ಕೈಯಲ್ಲಿ ಮೈಕು ಹಿಡಿದು, ಇನ್ನೊಂದನ್ನು ಸಮುದ್ರವನ್ನೇ ಬರೆದುಕೊಡುವವನಂತೆ ಚಾಚಿದ. ಅತ್ತ ಇದ್ದದ್ದು ಸುಣ್ಣ ಉದುರಿದ ಒಂದು ಸಾಧಾರಣ ದೀಪಸ್ತಂಭ. ಆದರೆ ಇಲಿ ಹೋದರೆ ಹುಲಿ ಹೋಯಿತು ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಇವನು ಇಲಿ ಹೋಗದಿದ್ದರೂ ಹುಲಿಯ ಹಿಂಡನ್ನೇ ಓಡಿಸುವವನು. ಈ ಬಂದರಿನಲ್ಲಿ ಅವನನ್ನು ಮೀರಿಸುವ ಬಾಯಿ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಅವನ ಮಾತು ಕೇಳಿ ನಾಚಿ ಮೂಕವಾಗಿರುತ್ತಿತ್ತು.

"ಈ ದೀಪ ಹಚ್ಚಿದ ಮೊದಲ ರಾತ್ರಿ, ಸಮುದ್ರದಾಚೆ ದೇಶದ ಕೋಳಿಗಳೆಲ್ಲ ಬೆಳಗಾಯ್ತು ಅಂತ ಕೂಗಿಬಿಟ್ವು. ನಿದ್ದೆ ಕೆಟ್ಟ ಅಲ್ಲಿನ ರಾಜ ನಮ್ಮ ಮೇಲೆ ಯುದ್ಧಾನೇ ಸಾರಿದ!"

ಹಿಂದಿನ ಸಾಲಿನಿಂದ ಅಗಲ ಟೋಪಿಯ ಹೆಂಗಸೊಬ್ಬಳು ಎದ್ದು ನಿಂತಳು.

"ಏನ್ರೀ, ಕೇಳೋರಿದಾರೆ ಅಂತ ನಮ್ಮ ಕಿವಿಗೆ ಹೂವಿಡ್ತಿದೀರಾ? ನಿಜವೇನ್ರೀ ಇದು?"

"ಸುಳ್ಳಾದ್ರೆ ಈ ದೋಣಿ ಈಗಲೇ ಮುಳುಗ್ಲಿ!"

ಚಾಲಕ ಚುಕ್ಕಾಣಿಯನ್ನು ಸರ್ರನೆ ತಿರುಗಿಸಿದ. ದೋಣಿ ವಾಲಿತು, ಪ್ರವಾಸಿಗರು ಕಿರುಚಿದರು, ಮರುಕ್ಷಣ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಈ ಆಟ ಎಷ್ಟು ಹಳೆಯದೆಂದರೆ, ಅದು ಶುರುವಾದಾಗ ಸಮುದ್ರದ ನೀರು ಇನ್ನೂ ಉಪ್ಪಾಗಿರಲಿಲ್ಲ. ಎದ್ದು ನಿಂತು ಕೇಳುವ ಹೆಂಗಸು ಬುರುಡೆರಾಯನ ಹೆಂಡತಿ. ಚುಕ್ಕಾಣಿ ತಿರುಗಿಸುವವನು ಅವಳ ತಮ್ಮ. ಇದು ಪ್ರವಾಸಿಗರಿಗೆ ಗೊತ್ತಿರಲಿಲ್ಲ, ಗೊತ್ತಾಗಲೂಬಾರದು. ದೋಣಿ ಹತ್ತಿದ ಮೇಲೆ ಗಂಡ ಹೆಂಡತಿ ಅಪರಿಚಿತರು, ಬಹುವಚನ ಬಿಟ್ಟು ಮಾತಿಲ್ಲ. ಮಡಿಲಲ್ಲಿ ಚೀಲ ಇಟ್ಟುಕೊಂಡು, ತಾನು ಹುಟ್ಟಿ ಬೆಳೆದ ಊರನ್ನು ಅವಳು ದಿನಾ ಮೊದಲ ಸಲ ನೋಡುತ್ತಿದ್ದಳು.

ಇಬ್ಬರ ನಡುವೆ ಒಂದೇ ಒಂದು ಗುಟ್ಟಿನ ಸನ್ನೆ ಇತ್ತು. ದಡ ಮುಟ್ಟಿದಾಗ ಬುರುಡೆರಾಯ ಇಳಿಯುವ ಹಲಗೆಯ ಬಳಿ ನಿಂತು ಪ್ರತಿಯೊಬ್ಬರ ಕೈ ಹಿಡಿದು ಇಳಿಸುತ್ತಿದ್ದ. ಅವಳ ಸರದಿ ಬಂದಾಗ ಅವಳು ಅವನ ಅಂಗೈಯನ್ನು ಉಗುರಿನಿಂದ ಚಿವುಟುತ್ತಿದ್ದಳು. ಸುಳ್ಳು ಚೆನ್ನಾಗಿದ್ದರೆ ಮೆತ್ತಗೆ, ಸಪ್ಪೆಯಾಗಿದ್ದರೆ ತಿರುಪಿ. ಆಮೇಲೆ ಗುಂಪಿನ ಜೊತೆ ಗೇಟು ದಾಟಿ, ಟಿಕೆಟ್ ಕಿಟಕಿಯ ಹಿಂದಿನಿಂದ ಬಳಸಿ, ಹಳೆಯ ಲಂಗರಿನ ಪಕ್ಕದ ಬೆಂಚಿಗೆ ಎರಡು ಲೋಟ ಟೀ ಹಿಡಿದು ಬರುತ್ತಿದ್ದಳು. ಅಲ್ಲಿಂದ ಅವರು ಮತ್ತೆ ಗಂಡ ಹೆಂಡತಿ.

ಈಚೆಗೆ ಅವಳು ಉಪ್ಪು ಮರೆತಳು. ಬೀಗದ ಕೈಯನ್ನು ಅಕ್ಕಿ ಡಬ್ಬಿಯಲ್ಲಿ ಹಾಕಿ ಮರೆತಳು. ಉರಿಯುವ ಒಲೆ ಮರೆತಳು. ಕಳೆದ ವಾರ ಬೇರೆ ಊರಿನಿಂದ ಬಂದ ಮಗಳನ್ನು "ಯಾರಮ್ಮ, ಒಳಗೆ ಬಾ" ಎಂದು ಕರೆದಳು. ಮಗಳು ಅತ್ತು, ಅಮ್ಮನನ್ನು ತನ್ನೂರಿನ ಆರೈಕೆ ಮನೆಗೆ ಸೇರಿಸಲು ಹಟ ಹಿಡಿದಳು.

"ಮರೆವು ಯಾರಿಗಿಲ್ಲ?" ಎಂದು ಬುರುಡೆರಾಯ ಗದರಿಕೊಂಡಿದ್ದ. "ದೋಣಿ ಮೇಲೆ ಅವಳು ಒಂದು ಮಾತು ತಪ್ಪಿದ್ದು ತೋರಿಸು. ತಪ್ಪಿದ್ರೆ ನಾನೇ ಕಳಿಸಿಕೊಡ್ತೀನಿ. ನಿನ್ನ ಮಾವನೇ ಸಾಕ್ಷಿ."

ಆ ಸಾಕ್ಷಿ ಈಗ ಚುಕ್ಕಾಣಿ ಹಿಡಿದು, ಅಕ್ಕನನ್ನು ಓರೆಗಣ್ಣಲ್ಲಿ ನೋಡುತ್ತಿದ್ದ.

ದೋಣಿ ಹಳೆಯ ಗೋದಾಮುಗಳ ಸಾಲಿಗೆ ಬಂತು. ಬುರುಡೆರಾಯ ಅಲ್ಲಿನ ಇಲಿಗಳ ವರ್ಣನೆ ಶುರುಮಾಡಿದ: ಅವು ಬೆಕ್ಕುಗಳನ್ನು ಸಾಕಿದ್ದವು, ಹಡಗಿನ ಕ್ಯಾಪ್ಟನ್‌ಗಳು ಅವಕ್ಕೆ ಸಲಾಮು ಹೊಡೆಯುತ್ತಿದ್ದರು. ಇಲ್ಲಿ ಅವಳು "ನೀವು ಕಣ್ಣಾರೆ ನೋಡಿದೀರಾ?" ಎನ್ನಬೇಕಿತ್ತು. ಎದ್ದಳು. ಅವನನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು.

"ಅಲ್ರೀ, ಇಷ್ಟು ಚೆನ್ನಾಗಿ ಸುಳ್ಳು ಹೇಳ್ತೀರಲ್ಲ, ಮನೇಲಿ ಹೆಂಡ್ತಿ ಹೇಗ್ರೀ ಸಹಿಸ್ಕೋತಾಳೆ?"

ದೋಣಿಯೆಲ್ಲ ಗೊಳ್ಳೆಂದಿತು. ಬುರುಡೆರಾಯನ ಎದೆ ಆರು ಮೊಳ ಉಬ್ಬಿತು. ಹೊಸ ಮಾತು! ಇಷ್ಟು ಕಾಲದ ಮೇಲೆ ಅವಳೇ ಹೊಸೆದ ಹೊಸ ಮಾತು! ಯಾರು ಹೇಳಿದ್ದು ಅವಳ ಬುದ್ಧಿ ಮಂಕಾಗಿದೆ ಅಂತ?

"ಅವಳಾ? ನನಗಿಂತ ದೊಡ್ಡ ಸುಳ್ಳಿ. ಮದುವೆ ದಿನ ನನ್ನನ್ನ ನೋಡಿ ಚೆಂದ ಇದೀರಿ ಅಂದಿದ್ಲು!"

ಮತ್ತೆ ನಗು. ಅವಳೂ ನಕ್ಕಳು. "ಪಾಪ," ಎಂದಳು ಕುಳಿತುಕೊಳ್ಳುತ್ತ, "ಒಳ್ಳೇ ಹೆಂಗಸಿರಬೇಕು."

ಬುರುಡೆರಾಯ ಗೆದ್ದ ಪೈಲ್ವಾನನಂತೆ ಮೈದುನನ ಕಡೆ ಹುಬ್ಬು ಹಾರಿಸಿದ. ಮೈದುನ ನಗಲಿಲ್ಲ. ಚುಕ್ಕಾಣಿಯನ್ನೂ ತಿರುಗಿಸಲಿಲ್ಲ.

ದಡ ಬಂತು. ಹಲಗೆಯ ಬಳಿ ಅವಳ ಕೈ ಅವನ ಕೈಗೆ ಬಂದಾಗ ಅಂಗೈ ತಾನಾಗಿಯೇ ಬಿಗಿಯಿತು. ಇವತ್ತಿನದು ಎಂಥ ಚಿವುಟು ಇರಬಹುದು! ಅವಳು ಹಗುರವಾಗಿ ಇಳಿದು, "ಥ್ಯಾಂಕ್ಸ್ ಕಣ್ರೀ" ಎಂದು ಕೈ ಬಿಡಿಸಿಕೊಂಡು ಹೊರಟುಹೋದಳು.

'ನಟನೆ ಅಂದ್ರೆ ಇದು' ಎಂದುಕೊಂಡ ಅವನು. ಬೆಂಚಿಗೆ ಹೋಗಿ ಕುಳಿತ. ಅವಳಿಗೆ ಹೇಳಬೇಕಾದ ಹೊಗಳಿಕೆಯನ್ನು ಮನಸ್ಸಿನಲ್ಲೇ ಉಬ್ಬಿಸಿದ, ಸಾಲದೆನಿಸಿ ಇನ್ನಷ್ಟು ಉಬ್ಬಿಸಿದ. ಟೀ ಬರಲಿಲ್ಲ. ಮೈದುನ ಬಂದ.

"ಭಾವ, ಅಕ್ಕ ಎಲ್ಲಿ?"

ಅವಳು ಸಿಕ್ಕಿದ್ದು ಗೇಟಿನಾಚೆ, ಹೊರಡಲು ಗುರುಗುಡುತ್ತಿದ್ದ ಪ್ರವಾಸಿ ಬಸ್ಸಿನಲ್ಲಿ. ಕಿಟಕಿ ಪಕ್ಕದ ಸೀಟಿನಲ್ಲಿ, ಟೋಪಿ ಕಳಚಿ ಬೀಸಿಕೊಳ್ಳುತ್ತ ಕುಳಿತಿದ್ದಳು. "ಈ ಅಮ್ಮ ಯಾರ ಕಡೆಯೋರು?" ಎಂದು ಡ್ರೈವರ್ ಕೇಳುತ್ತಲೇ ಇದ್ದ. ಬುರುಡೆರಾಯ ಏದುಸಿರು ಬಿಡುತ್ತ ಹತ್ತಿದ.

"ಬಾ, ಇಳಿ. ಆಟ ಮುಗೀತಲ್ಲ."

ಅವಳು ತಲೆಯಿಂದ ಕಾಲಿನವರೆಗೆ ಅವನನ್ನು ಅಳೆದಳು. "ಏನ್ರೀ ಇದು ಏಕವಚನ? ದೋಣೀಲಿ ನಾಲ್ಕು ಮಾತಾಡಿದೆ ಅಂತ ಸಲಿಗೇನಾ? ಬಾ, ಇಳಿ ಅನ್ನೋಕೆ ನಾನೇನು ನಿಮ್ಮ ಹೆಂಡ್ತೀನಾ?"

ಬಸ್ಸಿನವರು ಇದೂ ತಮಾಷೆಯ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಬುರುಡೆರಾಯ ಸೀಟಿನ ಕಂಬಿ ಹಿಡಿದುಕೊಂಡ. ಆಮೇಲೆ ಅಂಗಿಯ ಕಾಲರು ನೆಟ್ಟಗೆ ಮಾಡಿಕೊಂಡು ಬಗ್ಗಿದ.

"ತಪ್ಪಾಯ್ತು ಅಮ್ಮಾವ್ರೇ. ಟಿಕೆಟ್ಟಲ್ಲಿ ಇಲ್ಲದ ಜಾಗ ಒಂದಿದೆ. ಎಲ್ಲರಿಗೂ ತೋರಿಸಲ್ಲ. ಬರ್ತೀರಾ?"

"ದೂರಾನಾ?"

"ಇಲ್ಲೇ, ಹಿಂದಿನ ಬೀದಿ."

ಅವಳು ಚೀಲ ಎತ್ತಿಕೊಂಡಳು. ಟೋಪಿ ಸೀಟಿನಲ್ಲೇ ಉಳಿಯಿತು. ತಮ್ಮ ಅದನ್ನು ತೆಗೆದುಕೊಂಡು ಹಿಂದೆ ಹಿಂದೆ ಬಂದ.

ಬೀದಿಯುದ್ದಕ್ಕೂ ಬುರುಡೆರಾಯ ತೋರಿಸುತ್ತ ನಡೆದ. ಹಗ್ಗದಂಗಡಿ ತೋರಿಸಿದ: ಇಲ್ಲಿನ ಹಗ್ಗದಿಂದ ಒಮ್ಮೆ ಚಂದ್ರನನ್ನು ಕಟ್ಟಿಹಾಕಿದ್ದರು. ನಲ್ಲಿ ತೋರಿಸಿದ: ಇದರ ಮುಂದೆ ನಡೆದ ಜಗಳಗಳಿಗೆ ಹೆದರಿ ಬಿರುಗಾಳಿ ಬೇರೆ ಬಂದರಿಗೆ ಹೋಗಿತ್ತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಕಿರಿದಾದ ಮೆಟ್ಟಿಲು ಬಂತು.

"ಈ ಮೆಟ್ಟಿಲು ಹತ್ತುವಾಗ ಒಬ್ಬ ಹೆಂಗಸು ಗಂಡನಿಗೆ ಬೈದ ಬೈಗುಳ ಕೂಡಿಹಾಕಿದ್ರೆ ಒಂದು ಹಡಗು ತುಂಬುತ್ತೆ."

"ಅವನೇನು ಮಾಡಿದ್ದ?"

"ಬಾಡಿಗೆ ಕಮ್ಮಿ ಅಂತ ಮೂರನೇ ಮಹಡಿ ಹಿಡಿದಿದ್ದ."

ಬಾಗಿಲು ತೆಗೆದ. ಒಳಗೆ ಎರಡು ಕುರ್ಚಿ, ಮಡಚಿಟ್ಟ ಬಟ್ಟೆ, ಬಂದರಿನ ಕಡೆ ತೆರೆದ ಕಿಟಕಿ. ಅವಳು ಹೊಸ್ತಿಲಾಚೆಯಿಂದಲೇ ಇಣುಕಿದಳು.

"ಆ ಪರದೆ ಯಾರು ಹೊಲಿದಿದ್ದು? ಸೊಟ್ಟಗಿದೆ."

"ಸೊಟ್ಟಗಿರೋದು ಗೋಡೆ. ಅದನ್ನ ಹೊಲಿದವಳು ಕಣ್ಣು ಮುಚ್ಚಿಕೊಂಡು ಹೊಲಿದ್ರೂ ನೇರ ಬರ್ತಿತ್ತು. ಅವಳಂಥೋರು ಈ ಊರಲ್ಲೇ ಇಲ್ಲ."

ಅವಳು ನಕ್ಕಳು. ಹಿಂದಿನ ಸಾಲಿನಿಂದ ಎದ್ದು ನಿಂತವಳಂತೆ, ಅದೇ ರಾಗದಲ್ಲಿ, ಎಲ್ಲಿ ಎಳೆಯಬೇಕೋ ಅಲ್ಲೇ ಎಳೆದು ಕೇಳಿದಳು:

"ನಿಜವೇನ್ರೀ ಇದು?"

ಬುರುಡೆರಾಯ ಬಾಯಿ ತೆರೆದ. ಕಾಲ ಕೆಳಗೆ ದೋಣಿ ಇರಲಿಲ್ಲ. ಮೆಟ್ಟಿಲ ಮೇಲೆ ಮೈದುನ ಟೋಪಿಯ ಅಂಚನ್ನು ತಿರುಗಿಸುತ್ತ ನಿಂತಿದ್ದ.

"ನಿಜ," ಎಂದ ಬುರುಡೆರಾಯ.

ಮೈದುನ ಕೆಮ್ಮಿದ. "ಭಾವ, ಮಗಳಿಗೆ..."

"ನಾನೇ ಫೋನ್ ಮಾಡ್ತೀನಿ ಮಾರಾಯ. ನೀನು ಹೋಗು, ಮುಂದಿನ ದೋಣಿಗೆ ಜನ ಕಾಯ್ತಿರ್ತಾರೆ."

ಟೋಪಿಯನ್ನು ಬಾಗಿಲ ಮೊಳೆಗೆ ಸಿಕ್ಕಿಸಿ ಅವನು ಇಳಿದುಹೋದ. ಹೊಸ್ತಿಲು ಸ್ವಲ್ಪ ಎತ್ತರವಿತ್ತು. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು, ಹಲಗೆಯ ತುದಿಯಲ್ಲಿ ನಿಂತವಳಂತೆ ಕೈ ಚಾಚಿದಳು. ಬುರುಡೆರಾಯ ಹಿಡಿದುಕೊಂಡ. ಅವಳು ಒಂದು ಕಾಲಿಟ್ಟಳು, ಇನ್ನೊಂದನ್ನೂ ಇಟ್ಟಳು. ಅವನು ಅಂಗೈ ಬಿಗಿಮಾಡಿ ಹಾಗೇ ನಿಂತಿದ್ದ.

"ಬಿಡ್ರೀ," ಎಂದಳು ಅವಳು ಮೆಲ್ಲಗೆ, "ದಾಟಿದೆ."

ಅವನು ಬಿಟ್ಟ. ಅವಳು ಕಿಟಕಿ ಪಕ್ಕದ ಕುರ್ಚಿಯ ಅಂಚಿನಲ್ಲಿ ಕುಳಿತು, ಚೀಲವನ್ನು ಮಡಿಲಿಗೆ ಎಳೆದುಕೊಂಡು, ಎಡಗಡೆ ನೋಡಬೇಕೋ ಬಲಗಡೆ ನೋಡಬೇಕೋ ಹೇಳಲಿ ಎಂದು ಅವನ ಮುಖ ನೋಡಿದಳು.