ಐದಕ್ಕೆ ಐದು, ಅವ್ವನ ಕೈಗೆ ಬೊಬ್ಬೆ

ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ ರೇಣವ್ವ ಭಾನುವಾರ ಬೆಳಿಗ್ಗೆ ಪೂರಿ ಕರಿಯುತ್ತಿದ್ದಳು. ಬಾಣಲೆ ಜಾರಿ ಕಾದ ಎಣ್ಣೆ ಎಡಗೈ ಮೇಲೆ ಬಿತ್ತು. ಏಳನೇ ಕ್ಲಾಸಿನ ಮಗಳು ಕಲ್ಯಾಣಿ ಗಾಬರಿಯಲ್ಲಿ ಟೂತ್‌ಪೇಸ್ಟ್ ತಂದು ಕೈತುಂಬ ಬಳಿದಳು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಆ ಪೇಸ್ಟನ್ನು ತೆಗೆಯುವಾಗ ರೇಣವ್ವ ಹಲ್ಲು ಕಚ್ಚಿ ಕೂತಿದ್ದಳು. "ತಕ್ಷಣ ನಲ್ಲಿ ನೀರಿನ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿದಿದ್ರೆ ಇಷ್ಟಾಗ್ತಿರ್ಲಿಲ್ಲ. ಪೇಸ್ಟ್ ಹಚ್ಚಬಾರದಮ್ಮ," ಎಂದರು ಡಾಕ್ಟರು.

ಸಂಜೆ ಪಕ್ಕದ ಮನೆಯ ಕಾತ್ಯಾಯಿನಿ ನೋಡಲು ಬಂದರು. ಜಯನಗರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಮೇಜಿನ ಮೇಲಿದ್ದ ಕಲ್ಯಾಣಿಯ ಟೆಸ್ಟ್ ಪೇಪರನ್ನು ತಿರುವುತ್ತಿದ್ದವರು ಒಂದು ಪ್ರಶ್ನೆಯ ಹತ್ತಿರ ತಡೆದರು. ಸುಟ್ಟ ಗಾಯಕ್ಕೆ ಪ್ರಥಮ ಚಿಕಿತ್ಸೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ಆರು ಸಾಲಿನ ಉತ್ತರ, ಒಂದಕ್ಷರ ತಪ್ಪಿಲ್ಲ. ಡಾಕ್ಟರು ಹೇಳಿದ ನಲ್ಲಿ ನೀರಿನ ಮಾತು ಮೂರನೇ ಸಾಲಿನಲ್ಲೇ ಇತ್ತು. ಐದಕ್ಕೆ ಐದು.

"ಇದನ್ನ ನೀನೇ ಬರೆದಿದ್ದಾ ಪುಟ್ಟಾ?"

"ಹೂಂ ಆಂಟಿ." ಕಲ್ಯಾಣಿ ಆರೂ ಸಾಲನ್ನು ಗಡಗಡ ಒಪ್ಪಿಸಿದಳು.

"ಮೂರನೇ ಸಾಲಿನ ಅರ್ಥ ಏನು?"

ಹುಡುಗಿ ಮತ್ತೆ ಮೊದಲಿಂದ ಶುರು ಮಾಡಿದಳು. ತಡೆದರೆ ಮತ್ತೆ ಮೊದಲಿಂದ. ಕೊನೆಗೆ ತಲೆ ತಗ್ಗಿಸಿದಳು. "ಮಿಸ್ ಅರ್ಥ ಹೇಳಿಲ್ಲ ಆಂಟಿ. ಬಾಯಿಪಾಠ ಮಾಡ್ರಿ, ಟೆಸ್ಟಿಗೆ ಇದೇ ಬರತೈತಿ ಅಂದ್ರು."

ರೇಣವ್ವನಿಗೆ ಗಾಯಕ್ಕಿಂತ ಹೆಚ್ಚು ಉರಿ ಹತ್ತಿತು. "ನಾಳೆ ಇಕಿ ಸಾಲಿಗೆ ಹೋಗಿ ಪ್ರಿನ್ಸಿಪಾಲರನ್ನ ಕೇಳ್ತೀನಿ."

ಗಂಡ ಮಹಾಂತೇಶ್ ಒಪ್ಪಲಿಲ್ಲ. "ಮಾರ್ಕ್ಸ್ ಬಂದಾವಲ್ಲ, ಮತ್ತೇನ್ ಬೇಕು? ಜಗಳಾ ತಗದ್ರ ಮಗಳ ಮ್ಯಾಲೆ ಸಿಟ್ಟು ತೀರಿಸ್ಕೋತಾರ."

"ಮಾರ್ಕ್ಸ್ ನನ್ನ ಕೈ ಉಳಿಸ್ಲಿಲ್ಲಲ್ಲ. ಉತ್ತರ ಅಕಿ ತಲ್ಯಾಗ ಇತ್ತು, ಅದು ಉತ್ತರ ಅಂತ ಅಕಿಗೇ ಗೊತ್ತಿರ್ಲಿಲ್ಲ. ನಾಳೆ ಗ್ಯಾಸ್ ಸೋರಿದ್ರ? ಅವಾಗೂ ನಿಂತು ಒಪ್ಪಿಸ್ತಾಳೇನು?"

ಮಹಾಂತೇಶ್ ಮಗಳ ಕಡೆ ನೋಡಿದ. ಅವಳು ಅಳುತ್ತಿದ್ದಳು. "ನಡಿ, ನಾನೂ ಬರ್ತೀನಿ," ಎಂದ.

ಮರುದಿನ ಶಾಲೆಯಲ್ಲಿ ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡೇ ಮಾತಾಡಿದರು. "ಪೋರ್ಷನ್ ಮುಗಿಸ್ಬೇಕಲ್ಲ ಮೇಡಂ. ಎಲ್ಲಾ ಪೇರೆಂಟ್ಸೂ ಮಾರ್ಕ್ಸನ್ನೇ ಕೇಳೋದು."

ರೇಣವ್ವ ಬ್ಯಾಂಡೇಜ್ ಕಟ್ಟಿದ ಕೈಯನ್ನು ಅವರ ಮೇಜಿನ ಮೇಲಿಟ್ಟಳು. "ನಾವೂ ಅದನ್ನೇ ಕೇಳಿದ್ವಿ ಸರ್, ತಪ್ಪಾತು. ಈಗ ಬ್ಯಾರೆ ಕೇಳಾಕ ಬಂದೀವಿ. ಏನ್ ಕಲಿಸೀರಿ ನಮ್ಮ ಹುಡುಗಿಗೆ?"

ಪ್ರಿನ್ಸಿಪಾಲರು ಕರೆಸಿದ್ದ ವಿಜ್ಞಾನದ ಟೀಚರ್ ವಿಮಲಾ ಮೆಲ್ಲಗೆ ಬಾಯಿ ಬಿಟ್ಟರು. "ವಾರಕ್ಕೆ ಒಂದು ಪೀರಿಯಡ್ ಬಿಟ್ಟುಕೊಡಿ ಸಾರ್. ಮಾಡಿಸಿ ಕಲಿಸ್ತೀನಿ. ಪೋರ್ಷನ್ ಎಲ್ಲಿಗೆ ಬಂತು ಅನ್ನೋದು ಬಿಟ್ಟು ನನ್ನನ್ನ ಇಲ್ಲಿ ಯಾರೂ ಏನೂ ಕೇಳಿಲ್ಲ."

ಪ್ರಿನ್ಸಿಪಾಲರು ಅಂದು ಒಪ್ಪಲಿಲ್ಲ. ರೇಣವ್ವ, ಕಾತ್ಯಾಯಿನಿ ಇಬ್ಬರೂ ಕ್ಲಾಸಿನ ಮಕ್ಕಳ ಮನೆಮನೆಗೆ ಹೋದರು. ಗುರುವಾರದ ಹೊತ್ತಿಗೆ ಮನವಿ ಪತ್ರಕ್ಕೆ ಹತ್ತೊಂಬತ್ತು ಸಹಿ ಬಿದ್ದವು. ಆ ಹತ್ತೊಂಬತ್ತು ಮನೆಯವರು ಒಟ್ಟಿಗೆ ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತ ಮೇಲೆ ಶನಿವಾರದ ಮೊದಲ ಪೀರಿಯಡ್ ಸಿಕ್ಕಿತು. ಅಲ್ಲಿ ಮಕ್ಕಳು ನೋಟ್ಸ್ ಬರೆಯುವುದಿಲ್ಲ. ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ ತೋರಿಸುತ್ತಾರೆ, ಮಾತ್ರೆ ಪಟ್ಟಿಯ ಮೇಲಿನ ಎಕ್ಸ್‌ಪೈರಿ ತಾರೀಖು ಓದುತ್ತಾರೆ, ತಿಳಿಯದಿದ್ದರೆ ಕೈ ಎತ್ತಿ ಕೇಳುತ್ತಾರೆ.

ಓದುಗರೇ, ಇವತ್ತೇ ನಿಮ್ಮ ಮಗುವಿನ ನೋಟ್‌ಬುಕ್ ತೆರೆಯಿರಿ. ಯಾವುದಾದರೂ ಒಂದು ಉತ್ತರ ತೋರಿಸಿ, ಇದನ್ನು ನಮ್ಮ ಮನೆ ಮಾತಲ್ಲಿ ಹೇಳು ಎನ್ನಿ. ಮಗು ತಡವರಿಸಿದರೆ ಬೈಯಬೇಡಿ. ಆ ಸಿಟ್ಟನ್ನು ಶಾಲೆಯ ಪೋಷಕರ ಸಭೆಗೆ ಒಯ್ಯಿರಿ. ಒಬ್ಬರೇ ಹೋಗಬೇಡಿ, ಅಕ್ಕಪಕ್ಕದವರನ್ನೂ ಕರೆದುಕೊಂಡು ಹೋಗಿ. ಉತ್ತರ ಸಿಗುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.