ಮೊದಲ ತುತ್ತಿಗೆ ಮುಂಚೆ

ತಿಮ್ಮಮ್ಮ ಮೂರನೆಯ ಸಲ ಗಂಡನ ಬೆರಳುಗಳನ್ನು ಒಂದರೊಳಗೊಂದು ಹೆಣೆಯಲು ನೋಡಿದಳು. ಬಲಗೈ ಹೇಗೋ ಎದೆಯ ಮೇಲೆ ನಿಂತಿತು. ಎಡಗೈ ಮಾತ್ರ ಬಗ್ಗಲೊಲ್ಲದೆ ಮತ್ತೆ ಪಕ್ಕಕ್ಕೆ ಸರಿಯಿತು. ಚೆಲುವಯ್ಯನ ಜೀವ ಹೋದದ್ದು ಕೋಳಿ ಕೂಗುವ ಹೊತ್ತಿಗೆ. ಈಗಾಗಲೇ ಕೀಲುಗಳು ಬಿಗಿಯತೊಡಗಿದ್ದವು.

"ದಾರ ಕಟ್ಟಾನ ಬುಡು," ಎಂದಳು ಓರಗಿತ್ತಿ ಅಣ್ಣಮ್ಮ. "ನಮ್ಮಲ್ಲಿ ಕಾಲ್ ಹೆಬ್ಬೆಟ್ಟು ಕಟ್ಟಾಕಿಲ್ವಾ, ಅಂಗೇಯ."

ಬಾಗಿಲಲ್ಲಿ ನಿಂತಿದ್ದ ಪಾಸ್ಟರು ಕನಕರಾಜು ಚಪ್ಪಲಿ ಬಿಟ್ಟು ಒಳಗೆ ಬಂದ. ಶ್ರೀರಂಗಪಟ್ಟಣದಿಂದ ಮೊಪೆಡ್ಡಿನಲ್ಲಿ ಬಂದಿದ್ದ. ಬಿಳಿ ಅಂಗಿಯ ತುಂಬ ದಾರಿಯ ಧೂಳು. ಮೂವತ್ತು ದಾಟದ ವಯಸ್ಸು. ಈ ಕೇರಿಯ ಎಂಟು ಮನೆಯ ಸಭೆಗೆ ಅವನು ಬಂದು ಎರಡು ವರ್ಷವಾಗಿತ್ತು.

"ಊಟಕ್ಕೆ ಕೂತಾಗ ಕೈ ಮುಗೀತಿದ್ರಲ್ಲ, ಅದೇ ತರ ಇರ್ಲಿ ಅಮ್ಮ," ಎಂದ ಮೆಲ್ಲಗೆ. "ಇವತ್ತು ನಾನು ಮಾತಾಡೋದೂ ಅದನ್ನೇ. ಅಷ್ಟೊತ್ತು ತಲೆ ಬಗ್ಗಿಸಿ, ಒಂದು ಮಾತೂ ಆಚೆಗೆ ಬರದ ಹಾಗೆ ಸ್ತೋತ್ರ ಹೇಳೋರ್ನ ನಾನು ಇನ್ನೆಲ್ಲೂ ನೋಡಿಲ್ಲ."

"ಅದ ಮಾತಾಡದು ಬ್ಯಾಡಿ ಅಯ್ನೋರೆ."

"ಯಾಕಮ್ಮ?"

ತಿಮ್ಮಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಗಂಡನ ಅಣ್ಣ ಬೋರಯ್ಯ ಹಾರೆ ಹಿಡಿದ ಇಬ್ಬರನ್ನು ಕರೆದುಕೊಂಡು ಅಂಗಳಕ್ಕೆ ಬಂದ. ತಮ್ಮ ಪ್ರಾರ್ಥನೆಗೆ ಹೋಗಲು ಶುರುಮಾಡಿದ ಮೇಲೆ ಬೋರಯ್ಯ ಈ ಮನೆಯಲ್ಲಿ ಒಂದು ಲೋಟ ನೀರು ಮುಟ್ಟಿದವನಲ್ಲ. ಇವತ್ತು ಮಾತ್ರ ಹೆಂಡತಿ ಅಣ್ಣಮ್ಮನ ಕೈಲಿ ಅನ್ನ ಸಾರು ಮಾಡಿಸಿ, ಎರಡು ದೊಡ್ಡ ಪಾತ್ರೆಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಮೇಲುಕೋಟೆ ಕಡೆಯಿಂದ ಬಂದಿದ್ದ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಮನೆಯವರು ಯಾವ ದೇವರಿಗೆ ನಡೆದುಕೊಂಡರೂ ಅಷ್ಟೇ ಎಂಬುದು ಅವನ ಲೆಕ್ಕ.

"ಗುಂಡಿ ಎಲ್ಲಿ ತೋಡ್ಬೇಕವ್ವ?" ಎಂದು ಕೇಳಿದ.

"ನಮ್ ಮಗ್ಳು ಉಮನ ಪಕ್ಕದಲ್ಲಿ ಬಾವ."

ಬೋರಯ್ಯ ತಲೆಯಾಡಿಸಿ ಹೋದ. ಅಣ್ಣಮ್ಮ ಬಿಳಿ ದಾರ ತಂದು ಎರಡು ಕೈಗಳನ್ನೂ ಬಿಗಿಯಾಗಿ ಕಟ್ಟಿದಳು. ಈಗ ಚೆಲುವಯ್ಯ ಪ್ರಾರ್ಥನೆ ಮಾಡುತ್ತಿರುವವನಂತೆಯೇ ಕಂಡ.

*

ಮದುವೆಯಾಗಿ ಬಂದ ಮೊದಲ ದಿನ ತಿಮ್ಮಮ್ಮ ಗಂಡನ ಮುಂದೆ ರಾಗಿಮುದ್ದೆ, ಉಪ್ಪೆಸರು ಇಟ್ಟಳು. ಅವನು ಮುದ್ದೆ ಮುಟ್ಟಲಿಲ್ಲ. ಕಣ್ಣು ಮುಚ್ಚಿ ಕೂತ.

"ಯಾಕೆ, ಉಪ್ಪು ಜಾಸ್ತಿ ಆಯ್ತಾ?"

"ಇನ್ನೂ ಬಾಯ್ಗೇ ಇಟ್ಟಿಲ್ವಲ್ಲೆ. ದೇವ್ರಿಗೆ ಹೇಳ್ತಿದ್ದೆ."

"ಏನಂತ?"

"ಅನ್ನ ಕೊಟ್ಟೆ, ನಿಂಗೆ ಸ್ತೋತ್ರ ಅಂತ."

"ಮುದ್ದೆ ಕಟ್ಟಿದ್ದು ನಾನು."

ಚೆಲುವಯ್ಯ ನೆತ್ತಿಗೆ ಹತ್ತುವಷ್ಟು ನಕ್ಕ. ಮಾರನೆಯ ದಿನದಿಂದ ಪ್ರಾರ್ಥನೆಗೆ ಒಂದು ಮಾತು ಸೇರಿಸಿದ: "ಕರ್ತನೇ, ನೀನು ಕೊಟ್ಟ ಅನ್ನಕ್ಕೆ ಸ್ತೋತ್ರ. ಬೆಳೆದ ಕೈಯನ್ನೂ ಬೇಯಿಸಿದ ಕೈಯನ್ನೂ ಆಶೀರ್ವದಿಸು. ಇನ್ನೂ ಉಣ್ಣದವರನ್ನು ನೆನಸಿಕೊ. ಆಮೆನ್."

ಅವನು ಶ್ರೀರಂಗಪಟ್ಟಣದ ಒಂದು ಮಿಷನ್ ಹಾಸ್ಟೆಲ್ಲಿನಲ್ಲಿ ಅಡುಗೆಯವನಾಗಿದ್ದ. ಸಣ್ಣವನಿದ್ದಾಗ ಅಣ್ಣನೂ ತಾನೂ ಮದುವೆ ಮನೆಗಳ ಹಿಂದೆ ಎಂಜಲೆಲೆಗೆ ನಾಯಿಗಳ ಜೊತೆ ಕಾಯುತ್ತಿದ್ದುದನ್ನು ಅವನು ಮುಚ್ಚಿಡುತ್ತಿರಲಿಲ್ಲ. ಆ ಹಾಸ್ಟೆಲ್ಲಿಗೆ ಪಾತ್ರೆ ಉಜ್ಜಲು ಸೇರಿದ ದಿನ ಯಾರೋ ಅವನ ಮುಂದೆ ತುಂಬಿದ ತಟ್ಟೆ ಇಟ್ಟು, ಉಣ್ಣುವ ಮುಂಚೆ ಈ ಮಾತು ಹೇಳು ಎಂದಿದ್ದರು. "ಆ ತಟ್ಟೆ ನೋಡಿದ್ರೆ ನೀನೂ ಹೇಳ್ತಿದ್ದೆ ಕಣೆ," ಎನ್ನುತ್ತಿದ್ದ.

ತಿಮ್ಮಮ್ಮ ಮೊದಲು ನಗುತ್ತಿದ್ದಳು. ಆಮೇಲೆ ಅವನು ಮುಗಿಸುವವರೆಗೆ ಕಾಯತೊಡಗಿದಳು. ಆಮೇಲೆ ಅವಳ ತುಟಿಯೂ ಅಲುಗತೊಡಗಿತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಉಮ, ಮಾತು ಕಲಿತಾಗಿನಿಂದ ಇಡೀ ಪ್ರಾರ್ಥನೆಯನ್ನು ಒಂದೇ ಉಸಿರಿಗೆ ಹೇಳಿ ತಟ್ಟೆಗೆ ಕೈ ಹಾಕುತ್ತಿದ್ದಳು. "ಒಂದ್ ಕಣ್ಣು ಬುಟ್ಕೊಂಡು ಹೇಳಿದ್ರೆ ದೇವ್ರು ಕೇಳಾಕಿಲ್ಲ," ಎಂದು ಅಪ್ಪ ಗದರಿದರೆ, "ಬೆಕ್ಕು ಬತ್ತದೆ ಅಂತ ನೋಡ್ತೀನಪ್ಪ," ಎನ್ನುತ್ತಿದ್ದಳು.

*

ಉಮನ ಗುಂಡಿಯ ಪಕ್ಕದ ಮಣ್ಣಿನಲ್ಲಿ ಬರೀ ಕಲ್ಲು. ಚಿನಕುರಳಿಯ ಕ್ವಾರಿಯಲ್ಲಿ ಈಚಿನ ವರ್ಷಗಳಲ್ಲಿ ಚೆಲುವಯ್ಯನ ಜೊತೆ ಕಲ್ಲು ಒಡೆಯುತ್ತಿದ್ದ ನಾಲ್ವರು ಬಂದು ಹಾರೆ ಹಾಕದಿದ್ದರೆ ಮಧ್ಯಾಹ್ನ ದಾಟುತ್ತಿತ್ತು. ಪೆಟ್ಟಿಗೆ ಇಳಿಸುವಾಗ ಅವರಲ್ಲೊಬ್ಬ, "ಏನೂ ತೂಕವೇ ಇಲ್ವಲ್ಲಾ," ಎಂದು ಪಕ್ಕದವನಿಗೆ ಪಿಸುಗುಟ್ಟಿದ್ದು ತಿಮ್ಮಮ್ಮನಿಗೆ ಕೇಳಿಸಿತು. ತೂಕವಿರಲು ಅವನು ಉಂಡಿದ್ದರೆ ತಾನೆ.

ಕನಕರಾಜು ತಾನು ಹೇಳಿದ್ದನ್ನೇ ಮಾತಾಡಿದ.

"ಮೂರು ವರ್ಷದ ಹಿಂದೆ ಈ ಮನೆಗೆ ಬಂದ ಕಷ್ಟ ನಿಮಗೆಲ್ಲ ಗೊತ್ತು. ಅನ್ನವೇ ಈ ಮನುಷ್ಯನ ಮಗಳನ್ನು ತಗೊಂಡು ಹೋಯ್ತು. ಬೇರೆಯವರಾಗಿದ್ದರೆ ಅನ್ನವನ್ನೂ ಶಪಿಸುತ್ತಿದ್ದರು, ಅನ್ನ ಕೊಟ್ಟವನನ್ನೂ ಶಪಿಸುತ್ತಿದ್ದರು. ಚೆಲುವಯ್ಯನವರು ಏನು ಮಾಡಿದರು? ಮೊದಲಿಗಿಂತ ಇನ್ನೂ ಆಳವಾಗಿ ತಲೆ ಬಗ್ಗಿಸಿದರು. ನಾನು ಈ ಊರಿಗೆ ಬಂದಾಗ ನನ್ನ ನಂಬಿಕೆ ತುಂಬ ಸಣ್ಣದಾಗಿತ್ತು, ಬಿಟ್ಟು ಹೋಗಬೇಕು ಅಂತಿದ್ದೆ. ಅವರು ಅನ್ನದ ಮುಂದೆ ಕೂತಿದ್ದನ್ನು ನೋಡಿ ಉಳಿದುಕೊಂಡೆ."

ಸಭೆಯ ಹೆಂಗಸರು ಸೆರಗಿನಲ್ಲಿ ಮುಖ ಒರೆಸಿಕೊಂಡರು. ದೂರದಲ್ಲಿ ನಿಂತಿದ್ದ ಬೋರಯ್ಯನೂ ಟವೆಲ್ಲನ್ನು ಕಣ್ಣಿಗೊತ್ತಿಕೊಂಡ. ತಿಮ್ಮಮ್ಮ ಒಬ್ಬಳೇ ಒಣಗಣ್ಣಿನಲ್ಲಿ ಪಾಸ್ಟರನ್ನು ನೋಡುತ್ತಿದ್ದಳು. ಈ ಹುಡುಗನ ಕಾಲ ಕೆಳಗಿನ ನೆಲ ಎಂಥದೆಂದು ಗೊತ್ತಿದ್ದವಳು ತಾನೊಬ್ಬಳೇ ಅನಿಸಿ ಅವಳಿಗೆ ಹೆದರಿಕೆಯಾಯಿತು.

*

ತೊಂಬತ್ನಾಲ್ಕರ ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಸುಗ್ಗಿಯ ಕೃತಜ್ಞತಾ ಕೂಟ. ಶೀಟು ಹೊದಿಸಿದ ಪ್ರಾರ್ಥನೆ ಮನೆಯ ಮುಂದೆ ನಲವತ್ತು ಜನಕ್ಕೆ ಊಟ. ಹಾಸ್ಟೆಲ್ಲಿಗೆ ರಜೆ ಹಾಕಿ ಬಂದಿದ್ದ ಚೆಲುವಯ್ಯನೇ ಅಡುಗೆಯವನು. ತೊಗರಿಬೇಳೆ ಮೂಟೆ ಟ್ರಾಕ್ಟರಿನಲ್ಲಿ ಬಂದಿತ್ತು. ಅದೇ ಟ್ರಾಕ್ಟರಿನಲ್ಲಿ ಗದ್ದೆಗೆ ಹೊಡೆಯುವ ಔಷಧಿಯ ಡಬ್ಬವೂ ಬಂದಿತ್ತು. ಮುಚ್ಚಳ ಸಡಿಲವಾಗಿ ಮೂಟೆಯ ಮೇಲೆ ಸೋರಿತ್ತೆಂದು ಆಮೇಲೆ ಪೊಲೀಸರು ಹೇಳಿದರು.

ಚೆಲುವಯ್ಯ ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಎಲ್ಲರ ಪರವಾಗಿ ಸ್ತೋತ್ರ ಹೇಳಿದ. ಮಕ್ಕಳದು ಮೊದಲ ಪಂಕ್ತಿ. ಅಡುಗೆಯವನು ಉಣ್ಣುವುದು ಕೊನೆಗೆ. ಪಂಕ್ತಿ ಏಳುವ ಮೊದಲೇ ಉಮ ಎಲೆಯ ಮೇಲೆ ಬೋರಲು ಬಿದ್ದಳು. ಬಾಯಲ್ಲಿ ನೊರೆ. ಅವಳ ಹಿಂದೆ ಇನ್ನೂ ಆರು ಮಂದಿ. ಪಾಂಡವಪುರದ ಆಸ್ಪತ್ರೆ ತಲುಪುವ ಹೊತ್ತಿಗೆ ಉಮನೂ, ಮಕ್ಕಳಿಗೆ ತುತ್ತು ಕೊಡುತ್ತ ಕೂತಿದ್ದ ಮುದುಕಿ ಚಿಕ್ಕಬೋರಮ್ಮನೂ ಹೋಗಿಬಿಟ್ಟಿದ್ದರು. ಉಮನಿಗೆ ಒಂಬತ್ತು ವರ್ಷ.

ಚೆಲುವಯ್ಯ ಮತ್ತೆ ಸೌಟು ಹಿಡಿಯಲಿಲ್ಲ. ಹಾಸ್ಟೆಲ್ಲಿನ ಕೆಲಸ ಬಿಟ್ಟು ಕ್ವಾರಿಗೆ ಸೇರಿದ. ಕೆಲವು ತಿಂಗಳು ಕೈಯನ್ನೂ ಮುಗಿಯಲಿಲ್ಲ. ಆಮೇಲೊಂದು ದಿನ ತಟ್ಟೆಯ ಮುಂದೆ ಕೂತು ತಲೆ ಬಗ್ಗಿಸಿದ. ತಿಮ್ಮಮ್ಮನಿಗೆ ಬತ್ತಿದ ಬಾವಿಯಲ್ಲಿ ನೀರು ಕಂಡಷ್ಟು ಸಮಾಧಾನವಾಯಿತು. ಸಭೆಯವರಿಗೂ ಅಷ್ಟೇ. ಎಲ್ಲಿ ಊಟಕ್ಕೆ ಕೂತರೂ ಜನ ಮೊದಲಿನಂತೆ ಅವನು ತಲೆ ಎತ್ತುವವರೆಗೆ ಕಾಯತೊಡಗಿದರು.

ಆದರೆ ಪಕ್ಕದಲ್ಲಿ ಕೂರುತ್ತಿದ್ದವಳು ಅವಳು. ಒಂದು ಸಂಜೆ ಅವನ ಮೂಗಿನ ಹೊಳ್ಳೆಗಳು ಅರಳುವುದನ್ನು ನೋಡಿದಳು.

"ಏನ್ ಹೇಳ್ಕೊಂಡೆ?"

"ಏನೂ ಇಲ್ಲ."

"ಮತ್ತೆ?"

"ಮೂಸ್ ನೋಡ್ದೆ," ಎಂದ. ತಟ್ಟೆಯಿಂದ ಕಣ್ಣು ತೆಗೆಯದೆ ಹೇಳಿದ: "ಅವತ್ತೂ ವಾಸ್ನೆ ಇತ್ತು ಕಣೆ. ಬ್ಯಾಳೆ ಬೇಯುವಾಗ ಒಸಿ ಬ್ಯಾರೆ ವಾಸ್ನೆ ಬಂತು. ಮೂಟೆ ವಾಸ್ನೆ ಇರ್ಬೇಕು ಅಂದ್ಕೊಂಡು ಒಗ್ಗರಣೆ ಹಾಕ್ಬುಟ್ಟೆ. ಎಲ್ಲಾರೂ ಹಸ್ಕೊಂಡ್ ಕೂತಿದ್ರು. ಕಣ್ಮುಚ್ಚಿ ಸ್ತೋತ್ರ ಹೇಳ್ಬುಟ್ಟೆ."

ತಿಮ್ಮಮ್ಮ ಕೈಯಲ್ಲಿದ್ದ ನೀರಿನ ಚೊಂಬನ್ನು ಕೆಳಗಿಟ್ಟಳು.

"ಯಾರ್ಗೂ ಹೇಳ್ಬ್ಯಾಡ," ಎಂದ.

ಅವಳು ಹೇಳಲಿಲ್ಲ. ಅವನನ್ನು ಬೈಯಲೂ ಇಲ್ಲ, ತಬ್ಬಲೂ ಇಲ್ಲ. ಅಂದಿನಿಂದ ಮನೆಯಲ್ಲಿ ತೊಗರಿಬೇಳೆ ನಿಂತಿತು. ಹುರುಳಿಯೋ ಸೊಪ್ಪೋ ಬೇಯುತ್ತಿತ್ತು. ಅದನ್ನೂ ಅವನು ಮೂಸುತ್ತಿದ್ದ. ಬರುಬರುತ್ತ ಮೂಸಿದ ಮೇಲೂ ತಟ್ಟೆ ಸರಿಸುತ್ತಿದ್ದ. "ಏನಿಲ್ಲ, ಉಣ್ಣು," ಎಂದು ಅವಳು ತಾನೇ ಒಂದು ತುತ್ತು ತಿಂದು ತೋರಿಸಿದರೆ, ಇನ್ನಷ್ಟು ಹೆದರಿ ಅವಳ ಮುಖವನ್ನೇ ನೋಡುತ್ತ ಕೂರುತ್ತಿದ್ದ, ಎಷ್ಟೋ ಹೊತ್ತು. ಕೊನೆಯ ತಿಂಗಳು ಗಂಜಿಯೂ ಇಳಿಯಲಿಲ್ಲ. ರಕ್ತವೇ ಇಲ್ಲ ಎಂದರು ಡಾಕ್ಟರು.

*

ಮಣ್ಣು ಮುಗಿಸಿ, ಕೈಕಾಲು ತೊಳೆದು ಬಂದವರಿಗೆ ಅಂಗಳದಲ್ಲಿ ಮುತ್ತುಗದೆಲೆ ಹಾಸಿತ್ತು. ಅಣ್ಣಮ್ಮ ಅನ್ನ ಬಡಿಸಿ, ಅದರ ಮೇಲೆ ಸಾರು ಬಿಟ್ಟುಕೊಂಡು ಬಂದಳು. ತೊಗರಿಬೇಳೆ ಸಾರು. ಈ ಮನೆಯಲ್ಲಿ ಅದು ನಿಂತದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಕ್ವಾರಿಯವರು, ಸಭೆಯವರು, ಬೋರಯ್ಯನ ಕಡೆಯವರು ಎಲ್ಲ ಒಂದೇ ಸಾಲಿನಲ್ಲಿ ಕೂತಿದ್ದರು. ಬೋರಯ್ಯ ತಾನೂ ಒಂದು ಎಲೆಯ ಮುಂದೆ ಕೂತ.

ಕನಕರಾಜು ಎದ್ದು ನಿಂತ. "ಚೆಲುವಯ್ಯನವರ ಜಾಗದಲ್ಲಿ ಇವತ್ತು ತಿಮ್ಮಮ್ಮನವರೇ ಸ್ತೋತ್ರ ಹೇಳ್ಲಿ. ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ."

ತಲೆಗಳು ಬಾಗಿದವು. ತಿಮ್ಮಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಾತುಗಳೆಲ್ಲ ಅವಳಿಗೆ ಬಾಯಿಪಾಠ. "ಕರ್ತನೇ," ಎಂದಳು. ಬೆಳೆದ ಕೈ, ಬೇಯಿಸಿದ ಕೈ ಎಂಬಲ್ಲಿಗೆ ಹೋಗಲು ಅವಳಿಂದ ಆಗಲಿಲ್ಲ.

"ನನ್ ಕೈಲಾಗಾಕಿಲ್ಲ ಅಯ್ನೋರೆ. ಅವ್ರೂ ಹೇಳ್ತಿರ್ಲಿಲ್ಲ."

"ಹೋಗ್ಲಿ ಬುಡವ್ವ," ಎಂದ ಬೋರಯ್ಯ ತಲೆ ಎತ್ತಿ. "ಸಂಕ್ಟದಲ್ಲಿ ಏನೇನೋ ಬತ್ತದೆ ಬಾಯ್ಗೆ."

"ಸಂಕ್ಟಕ್ಕಲ್ಲ ಬಾವ. ಮೂರು ವರ್ಷದಿಂದ ದೇವ್ರಿಗೆ ಒಂದ್ ಮಾತೂ ಹೇಳಿಲ್ಲ ಅವ್ರು. ನೀವೆಲ್ಲ ಪ್ರಾರ್ಥನೆ ಅಂದ್ಕೊಂಡ್ರಿ. ಅವ್ರು ತಲೆ ಬಗ್ಗಿಸ್ಕೊಂಡು ಮೂಸ್ ನೋಡ್ತಿದ್ರು. ಅನ್ನದಾಗೆ ಏನಾರಾ ಅದಾ ಅಂತ."

ಉಳಿದದ್ದನ್ನು ಅವಳು ಹೇಳಲಿಲ್ಲ.

ಕನಕರಾಜು ಮೆಲ್ಲಗೆ ತನ್ನ ಎಲೆಯ ಮುಂದೆ ಕೂತುಕೊಂಡ. ಸಾಲಿನಲ್ಲಿ ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ. ಆ ಭಾನುವಾರ ಉಂಡು ಉಳಿದಿದ್ದ ಒಬ್ಬಳು ಸೆರಗನ್ನು ಮೂಗಿಗೆ ಹಿಡಿದಳು. ಸಾರು ಅನ್ನದಿಂದಿಳಿದು ಎಲೆಯ ಅಂಚು ದಾಟಿ ನೆಲಕ್ಕೆ ಹರಿಯುತ್ತಿತ್ತು, ತಡೆಯುವವರಿರಲಿಲ್ಲ.

"ಬೆಳಿಗ್ಗೆ ನಾನೇ ಮಾಡಿದ್ದು," ಎಂದಳು ಅಣ್ಣಮ್ಮ, ಸಾರಿನ ಪಾತ್ರೆಯನ್ನು ಕೆಳಗಿಡದೆ. "ಬ್ಯಾಳೆ ಎರಡ್ಸಲ ತೊಳ್ದಿವ್ನಿ. ನನ್ ಮಕ್ಳಾಣೆ."

ತಿಮ್ಮಮ್ಮ ಚೌಕಟ್ಟು ಬಿಟ್ಟು ಅಂಗಳಕ್ಕಿಳಿದಳು. ಗಂಡನನ್ನು ಮಣ್ಣು ಮಾಡಿದ ದಿನ ಹೆಂಡತಿ ಎಲ್ಲರಿಗಿಂತ ಮೊದಲು ಉಂಡದ್ದನ್ನು ಆ ಊರು ನೋಡಿರಲಿಲ್ಲ. ಸಾಲಿನ ಕೊನೆಯಲ್ಲಿ ಖಾಲಿ ಇದ್ದ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ನಂಗೆ ಬಡ್ಸಕ್ಕ."

ಅಣ್ಣಮ್ಮ ಬಡಿಸಿದಳು. ತಿಮ್ಮಮ್ಮ ಕಣ್ಣು ಮುಚ್ಚಲಿಲ್ಲ, ತಲೆ ಬಗ್ಗಿಸಲಿಲ್ಲ. ಅನ್ನಕ್ಕೆ ಸಾರು ಕಲಸಿ ದೊಡ್ಡದೊಂದು ತುತ್ತು ಮಾಡಿ ಬಾಯಿಗಿಟ್ಟು ಅಗಿದಳು. ಸಾಲಿನುದ್ದಕ್ಕೂ ಎಲ್ಲರ ಕಣ್ಣು ಅವಳ ಗಂಟಲ ಮೇಲೆ ನಿಂತಿತ್ತು.